ಮಳೆ ಬಂದಾಗ ಮಾತ್ರ ಉಕ್ಕುವ ಒಳಚರಂಡಿ: ದೊಡ್ಡ ಪೈಪು ಹಾಕಿಸಿದರೆ ಸರಿಹೋದೀತೇ?

ಪ್ರಶ್ನೆ: ಕೊಟ್ಟಾರದ ನಿವಾಸಿ

ಮಂಗಳೂರಿನ ಕೊಟ್ಟಾರಚೌಕಿಯ ಆಸುಪಾಸಿನ ತಗ್ಗು ಬಡಾವಣೆಯೊಂದರ ನಿವಾಸಿಗಳ ಸಂಘದ ಪರವಾಗಿ ಕೇಳುತ್ತಿದ್ದೇನೆ. ಜೂನ್, ಜುಲೈ ತಿಂಗಳಲ್ಲಿ ಒಂದೆರಡು ಗಂಟೆ ಬಿಡದೆ ಮಳೆ ಸುರಿದರೆ ನಮ್ಮ ಅಡ್ಡರಸ್ತೆಯ ಕೊನೆಯ ಮ್ಯಾನ್‌ಹೋಲ್‌ನ ಮುಚ್ಚಳ ಎದ್ದು ಕೊಳಚೆ ರಸ್ತೆಗೆ ಹರಿಯುತ್ತದೆ. ನೆಲ ಅಂತಸ್ತಿನ ಮನೆಗಳ ಶೌಚಾಲಯದಲ್ಲಿ ನೀರು ಹಿಮ್ಮುಖವಾಗಿ ಏರುತ್ತದೆ. ಬೇಸಿಗೆಯಲ್ಲಿ ಇದೇ ಪೈಪಿನಿಂದ ಯಾವ ತೊಂದರೆಯೂ ಇಲ್ಲ. ರಸ್ತೆ ಬದಿಯ ಚರಂಡಿಯ ಹೂಳನ್ನು ಮೇ ಕೊನೆಯ ವಾರದಲ್ಲಿ ತೆಗೆಸಿದ್ದರು. ಯುಜಿಡಿ (ಒಳಚರಂಡಿ) ಪೈಪು ಬದಲಿಸಿ ದೊಡ್ಡದನ್ನು ಹಾಕಿಸಬೇಕೆಂದು ಸದಸ್ಯರು ಮನವಿ ಸಿದ್ಧಪಡಿಸಿದ್ದಾರೆ. ಸಲ್ಲಿಸುವ ಮುನ್ನ ವಿಷಯ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಇಂಜಿನಿಯರ್, ಕದ್ರಿ

ಬೇಸಿಗೆಯಲ್ಲಿ ಸರಾಗವಾಗಿ ಹರಿಯುವ ಪೈಪು ಮಳೆಯಲ್ಲಿ ಮಾತ್ರ ಉಕ್ಕುತ್ತದೆ ಎಂದು ತಾವೇ ಬರೆದಿದ್ದೀರಿ. ಹಾಗಾದರೆ ಪೈಪಿನ ಅಳತೆಗಿಂತ ಮೊದಲು ವಿಚಾರಿಸಬೇಕಾದದ್ದು, ಅದರೊಳಗೆ ಮಳೆನೀರು ಎಲ್ಲಿಂದ ಬಂತು ಎಂಬುದನ್ನು. ನಮ್ಮಲ್ಲಿ ಕೊಳಚೆಯ ಒಳಚರಂಡಿ ಮತ್ತು ಮಳೆನೀರಿನ ಚರಂಡಿ ಎರಡೂ ಬೇರೆ ಬೇರೆ. ಒಳಚರಂಡಿಯನ್ನು ಮನೆಬಳಕೆಯ ನೀರಿನ ಲೆಕ್ಕ ಹಿಡಿದು, ದಿನದ ಸರಾಸರಿಯ ಎರಡು–ಮೂರು ಪಟ್ಟು ಹರಿವನ್ನು ತಾಳುವಂತೆ ವಿನ್ಯಾಸ ಮಾಡುತ್ತಾರೆ. ಮಳೆಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ಐದು ಮಂದಿಯ ಮನೆಯೊಂದನ್ನು ತೆಗೆದುಕೊಳ್ಳಿ. ತಲಾ 135 ಲೀಟರ್ ನೀರು ಬಳಸಿ, ಅದರಲ್ಲಿ ಶೇ. 80ರಷ್ಟು ಒಳಚರಂಡಿಗೆ ಬಂದರೆ ದಿನಕ್ಕೆ 540 ಲೀಟರ್ ಆಗುತ್ತದೆ. ಅದೇ ಮನೆಯ 100 ಚದರ ಮೀಟರ್ ತಾರಸಿಯ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ ಆ ಒಂದು ಗಂಟೆಯಲ್ಲಿ 5,000 ಲೀಟರ್ ಇಳಿಯುತ್ತದೆ, ಅಂದರೆ ಒಂಬತ್ತು ದಿನದ ಕೊಳಚೆ ಒಂದೇ ಗಂಟೆಯಲ್ಲಿ. ಬೀದಿಯ ನಾಲ್ಕಾರು ಮನೆಯವರು ತಾರಸಿಯ ಪೈಪನ್ನು ಯುಜಿಡಿಗೆ ಕೊಟ್ಟಿದ್ದರೂ ಸಾಕು, ಕೆಳಗಿನ ಮ್ಯಾನ್‌ಹೋಲ್ ಉಕ್ಕುತ್ತದೆ. ಇದರ ಮೇಲೆ, ರಸ್ತೆಯಲ್ಲಿ ನೀರು ನಿಂತಿತೆಂದು ಯಾರಾದರೂ ಹಾರೆ ಹಾಕಿ ಮುಚ್ಚಳ ಸರಿಸಿದರೆ ನೀರಿನ ಜೊತೆ ತರಗೆಲೆ, ಪ್ಲಾಸ್ಟಿಕ್, ಎಳನೀರಿನ ಚಿಪ್ಪುಗಳೂ ಒಳಗಿಳಿಯುತ್ತವೆ. ತಗ್ಗಿನಲ್ಲಿ ಜುಲೈ ಹೊತ್ತಿಗೆ ಅಂತರ್ಜಲ ಪೈಪಿಗಿಂತ ಮೇಲೇರುವುದರಿಂದ ಹಳೆಯ ಜೋಡಣೆಗಳ ಬಿರುಕಿನಲ್ಲಿ ಹಗಲಿರುಳು ನೀರು ಒಸರುತ್ತಲೇ ಇರುತ್ತದೆ.

ದೊಡ್ಡ ಪೈಪಿನಲ್ಲಿ ಇನ್ನೊಂದು ತೊಡಕಿದೆ. ಕೊಳಚೆಯಲ್ಲಿನ ಮರಳು, ಮಡ್ಡಿ ತಳದಲ್ಲಿ ಕೂರದಿರಬೇಕಾದರೆ ಹರಿವಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಇರಬೇಕು. ಅಗತ್ಯಕ್ಕಿಂತ ದೊಡ್ಡದಾದ ಪೈಪಿನಲ್ಲಿ ಬೇಸಿಗೆಯ ತೆಳು ಹರಿವಿಗೆ ಆ ವೇಗ ಬರುವುದಿಲ್ಲ. ಹೂಳು ಕೂತು ಮುಂದಿನ ಮಳೆಗಾಲಕ್ಕೆ ಅದು ಸಣ್ಣ ಪೈಪೇ ಆಗಿರುತ್ತದೆ. ಅಲ್ಲದೆ ವೆಟ್‌ವೆಲ್‌ನ (ಕೊಳಚೆ ಬಂದು ಸೇರುವ, ಅಲ್ಲಿಂದ ಪಂಪಿನಿಂದ ಮುಂದಕ್ಕೆ ತಳ್ಳುವ ಬಾವಿ) ಪಂಪುಗಳ ಸಾಮರ್ಥ್ಯ ಹಿಂದಿನಷ್ಟೇ ಇದ್ದರೆ ಮೇಲೆ ಪೈಪು ಹಿಗ್ಗಿಸಿ ಪ್ರಯೋಜನವಿಲ್ಲ.

ರಸ್ತೆ ಬದಿಯ ಚರಂಡಿಯ ಮಾತು ಬೇರೆ. ಅಲ್ಲಿ ಸಾಮರ್ಥ್ಯದ ಪ್ರಶ್ನೆ ನಿಜವಾಗಿಯೂ ಇದೆ. ಮೊದಲು ನೀರು ತಂಗುತ್ತಿದ್ದ ಬೈಲುಗದ್ದೆಗಳಿಗೆ ಮಣ್ಣು ತುಂಬಿಸಿ ಮನೆ, ಮಳಿಗೆಗಳನ್ನು ಕಟ್ಟಿದ್ದಾಗಿದೆ; ಅಂಗಳಗಳಿಗೆಲ್ಲ ಇಂಟರ್‌ಲಾಕ್ ಹಾಸಿದ್ದಾಗಿದೆ. ಕೊಟ್ಟಾರದ ಕಡೆಯ ನೀರು ರಾಜಕಾಲುವೆಯ ಮೂಲಕ ಫಲ್ಗುಣಿ ನದಿಗೆ ಸೇರಬೇಕು. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರಕ್ಕೆ ಸರಿಯಾಗಿ ಮಳೆ ಜೋರಾದರೆ ನದಿಯೇ ನೀರನ್ನು ತಡೆದು ನಿಲ್ಲಿಸುತ್ತದೆ. ಹೂಳೆತ್ತುವುದು ಮೇ ಕೊನೆಯಲ್ಲಾದರೆ ಸಾಕೆಂಬ ಲೆಕ್ಕ 2018ರ ಮೇ 29ರಂದೇ ಸುಳ್ಳಾಯಿತು. ಜೂನ್ ಕಾಲಿಡುವ ಮೊದಲೇ ಅಂದು ಅರ್ಧ ಮಂಗಳೂರು ನೀರಿನಲ್ಲಿತ್ತು. ಎತ್ತಿದ ಹೂಳನ್ನು ದಡದಲ್ಲೇ ಗುಡ್ಡೆ ಹಾಕಿ ಹೋಗುವ ರೂಢಿಯಂತೂ ಕೆಲಸ ಮಾಡದೆ ಬಿಲ್ಲು ಮಾಡಿದಂತೆಯೇ ಸರಿ. ಮೊದಲ ಮಳೆಗೆ ಅದು ಇದ್ದಲ್ಲಿಗೇ ಮರಳುತ್ತದೆ.

ಉತ್ತರ: ಪ್ಲಂಬಿಂಗ್ ಗುತ್ತಿಗೆದಾರ, ಸುರತ್ಕಲ್

ಮೇಲಿನ ಮಾತನ್ನು ಒಪ್ಪುತ್ತೇನೆ. ಮನೆಯ ಹಿತ್ತಿಲಲ್ಲಿ ನೋಡಿ: ತಾರಸಿಯಿಂದ ಇಳಿಯುವ ಪಿವಿಸಿ ಪೈಪು, ಪಾತ್ರೆ ತೊಳೆಯುವ ಕಟ್ಟೆಯ ನೀರು ಬೀಳುವ ಗಲ್ಲಿ ಟ್ರ್ಯಾಪ್‌ನಲ್ಲೇ (ವಾಸನೆ ತಡೆಯಲು ಬಾಗಿನಲ್ಲಿ ಸದಾ ನೀರು ನಿಲ್ಲುವ, ಯುಜಿಡಿಗೆ ಸೇರುವ ಗುಂಡಿ) ಕೊನೆಯಾಗಿರುತ್ತದೆ. ಚರಂಡಿಯ ತನಕ ಬೇರೆ ಪೈಪು ಎಳೆಯುವ ಖರ್ಚು ಉಳಿಯಲೆಂದು ಮನೆಯವರೇ ಹಾಗೆ ಮಾಡಿಸುತ್ತಾರೆ. ನೆಲ ಅಂತಸ್ತಿನವರು ಸದ್ಯಕ್ಕೆ ಮನೆಯ ಕೊನೆಯ ಚೇಂಬರ್‌ನಲ್ಲಿ ನೀರು ಹಿಮ್ಮುಖವಾಗಿ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿಸಿಕೊಳ್ಳಬಹುದು. ಅದಕ್ಕೆ ಕಸ ಸಿಕ್ಕಿಕೊಂಡರೆ ಮುಚ್ಚುವುದಿಲ್ಲವಾದ್ದರಿಂದ ಆಗಾಗ ತೆಗೆದು ತೊಳೆಯಬೇಕು. ವಾಲ್ವ್ ಮುಚ್ಚಿರುವಷ್ಟು ಹೊತ್ತು ಮನೆಯೊಳಗೂ ನೀರಿನ ಬಳಕೆ ಕಡಿಮೆ ಮಾಡಬೇಕು.

ಉತ್ತರ: ಉಡುಪಿಯ ಓದುಗ

ನಮ್ಮಲ್ಲಿ ಇದೇ ಕಥೆ ತಿರುಗುಮುರುಗಾಗಿದೆ: ಇಲ್ಲಿ ಕೊಳಚೆಯೇ ಮಳೆನೀರಿನ ದಾರಿಗೆ ಬರುತ್ತದೆ. ಕಲ್ಸಂಕದ ಮೂಲಕ ಹರಿಯುವ ಇಂದ್ರಾಣಿ ಹೊಳೆಗೆ ಒಳಚರಂಡಿಯ ನೀರು ಸೇರಿ ದಡದ ಮನೆಗಳ ಬಾವಿಗಳು ಕೆಟ್ಟಿವೆ. 2020ರ ಸೆಪ್ಟೆಂಬರ್ 20ರ ನೆರೆಯಂತಹ ದಿನಗಳಲ್ಲಿ ಯಾವ ನೀರು ಯಾವುದೆಂದು ಗುರುತಿಸುವಂತೆಯೇ ಇರುವುದಿಲ್ಲ. ತಾರಸಿಯ ನೀರನ್ನು ಸೋಸಿ ಬಾವಿಗೆ ಇಂಗಿಸುವುದು ಮುರಕಲ್ಲಿನ ಎತ್ತರದ ಜಾಗದಲ್ಲಿ ಒಳ್ಳೆಯ ಉಪಾಯ, ಆದರೆ ಪ್ರಶ್ನೆ ಕೇಳಿದವರ ತಗ್ಗು ಪ್ರದೇಶದಲ್ಲಿ ಬಾವಿಯೇ ತುಂಬಿರುವಾಗ ಅದು ನಡೆಯದು.

ಕೊಟ್ಟಾರದ ನಿವಾಸಿ

ಎಲ್ಲರಿಗೂ ಧನ್ಯವಾದ. ಅಕ್ಕಪಕ್ಕದವರೊಡನೆ ಮನಸ್ತಾಪ ಮಾಡಿಕೊಳ್ಳದೆ ಇಂತಹ ಸಂಪರ್ಕಗಳನ್ನು ಪತ್ತೆ ಹಚ್ಚುವುದು ಹೇಗೆ?

ನಿವೃತ್ತ ಇಂಜಿನಿಯರ್, ಕದ್ರಿ

ಪತ್ತೆ ಹಚ್ಚುವ ಕೆಲಸ ಸಂಘದ್ದಲ್ಲ, ಆಡಳಿತದ್ದು. ಮನವಿಯಲ್ಲಿ ಅದನ್ನೇ ಕೇಳಿ. ಮೊದಲು ತಮ್ಮ ಭಾಗದ ವೆಟ್‌ವೆಲ್‌ನ ಪಂಪು ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಗಂಟೆ ಓಡಿತು, ಜುಲೈಯಲ್ಲಿ ಎಷ್ಟು ಗಂಟೆ ಓಡಿತು ಎಂಬ ಲಾಗ್‌ಬುಕ್‌ನ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆಯಿರಿ. ವ್ಯತ್ಯಾಸ ದೊಡ್ಡದಿದ್ದರೆ ಮಳೆನೀರೋ ಅಂತರ್ಜಲವೋ ಸೇರುತ್ತಿರುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಕರೆಂಟು ಹೋದಾಗ ಜನರೇಟರ್ ಓಡಿದ ದಾಖಲೆಯನ್ನೂ ಕೇಳಿ, ಏಕೆಂದರೆ ಪಂಪು ನಿಂತರೂ ತಮ್ಮ ಮ್ಯಾನ್‌ಹೋಲ್ ಉಕ್ಕುತ್ತದೆ.

ಆಮೇಲೆ ಹೊಗೆ ಪರೀಕ್ಷೆ. ಒಣ ತಿಂಗಳಲ್ಲಿ ಮ್ಯಾನ್‌ಹೋಲ್‌ನೊಳಗೆ ನಿರಪಾಯಕಾರಿ ಹೊಗೆಯನ್ನು ಫ್ಯಾನಿನಿಂದ ತಳ್ಳಿದರೆ, ಟ್ರ್ಯಾಪ್ ತಪ್ಪಿಸಿ ನೇರವಾಗಿ ಕೊಟ್ಟಿರುವ ತಾರಸಿ ಪೈಪಿನ ತುದಿಯಲ್ಲಿ ಹೊಗೆ ಕಾಣಿಸುತ್ತದೆ. ಗಲ್ಲಿ ಟ್ರ್ಯಾಪ್‌ಗೆ ಕೊಟ್ಟ ಪೈಪಿನಲ್ಲಿ ಟ್ರ್ಯಾಪ್‌ನ ನೀರು ಹೊಗೆಯನ್ನು ತಡೆಯುವುದರಿಂದ, ಅಂತಹ ಕಡೆ ತಾರಸಿಯಲ್ಲಿ ಬಣ್ಣದ ನೀರು ಸುರಿದು ಮ್ಯಾನ್‌ಹೋಲ್‌ನಲ್ಲಿ ಬಣ್ಣ ಬರುತ್ತದೆಯೇ ಎಂದು ನೋಡಬೇಕು. ಬೀದಿಯ ಎಲ್ಲ ಮನೆಗಳಿಗೂ ಒಂದೇ ದಿನ ಮಾಡಿಸಿದರೆ ಯಾರನ್ನೂ ಬೊಟ್ಟು ಮಾಡಿದಂತಾಗುವುದಿಲ್ಲ. ಅದಕ್ಕೆ ಮುನ್ನ ರಭಸದ ನೀರು ಹಾಯಿಸುವ ಜೆಟ್ಟಿಂಗ್ ಯಂತ್ರದಿಂದ ಪೈಪು ತೊಳೆಸಿ, ಕ್ಯಾಮೆರಾ ಇಳಿಸಿ ಬಿರುಕುಗಳನ್ನು ಗುರುತಿಸುವಂತೆ ಕೋರಿ. ಯಾವ ಕಾರಣಕ್ಕೂ ಮನುಷ್ಯರನ್ನು ಒಳಗಿಳಿಸಲು ಬಿಡಬೇಡಿ. ಸುರಕ್ಷಾ ಸಾಧನಗಳಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ, ಒಳಗಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ. ಇಷ್ಟನ್ನೂ ಜನವರಿಯೊಳಗೆ ಮುಗಿಸಿಕೊಟ್ಟರೆ ದುರಸ್ತಿಗೆ ನಾಲ್ಕು ತಿಂಗಳು ಸಿಗುತ್ತದೆ ಎಂದು ಮನವಿಯಲ್ಲೇ ಬರೆಯಿರಿ.