ನಿವೃತ್ತಿ, ಸ್ಥಳಾಂತರ ಮತ್ತು ಅಟ್ಟದ ಸಾಮಾನು: ಅನುಭವ ಹಂಚಿಕೆ

ಪ್ರಶ್ನೆ (ದಾವಣಗೆರೆಯಿಂದ): ಪ್ರೌಢಶಾಲಾ ಶಿಕ್ಷಕನಾಗಿರುವ ನಾನು ಮುಂದಿನ ತಿಂಗಳು ವಯೋನಿವೃತ್ತಿ ಹೊಂದುತ್ತಿದ್ದೇನೆ. ಇಲ್ಲಿನ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು, ಬೆಂಗಳೂರಿನಲ್ಲಿ ಮಗಳ ಮನೆಯ ಹತ್ತಿರ ಎರಡು ಕೋಣೆಗಳ ಮನೆಗೆ ಹೋಗುವ ವಿಚಾರವಿದೆ. ಅಟ್ಟ, ಬೀರು, ಟ್ರಂಕುಗಳಲ್ಲಿ ಮೂವತ್ತು ವರ್ಷಗಳ ಸಾಮಾನು ತುಂಬಿಕೊಂಡಿದೆ. ಎಲ್ಲಿಂದ ಆರಂಭಿಸಬೇಕು? ಶಾಲೆಯ ಗಂಟೆಯಿಲ್ಲದೆ ದಿನ ಹೇಗೆ ಕಳೆದೀತೆಂಬ ಅಳುಕೂ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ನಿವೃತ್ತ ಕಚೇರಿ ಅಧೀಕ್ಷಕರು: ನಾನು 2018ರಲ್ಲಿ ನಿವೃತ್ತನಾದೆ. ಮರುವಾರವೇ ಅಡುಗೆಮನೆಗೆ ಕೈಹಾಕಿದ್ದು ನನ್ನ ಮೊದಲ ತಪ್ಪು. ಕಡತ ಜೋಡಿಸಿದಂತೆ ಡಬ್ಬಿಗಳನ್ನು ಸಾಲಾಗಿರಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ ಮೆಚ್ಚುಗೆಗಾಗಿ ಕಾಯುತ್ತ ನಿಂತಿದ್ದಾಗ ನನ್ನ ಶ್ರೀಮತಿಯವರು, “ಇದು ನಿಮ್ಮ ಆಫೀಸಲ್ಲ, ನಿವೃತ್ತಿ ಆಗಿರುವುದು ನಿಮಗೆ, ನನಗಲ್ಲ” ಎಂದರು. ಆದ್ದರಿಂದ ಮೊದಲು ನಿಮ್ಮ ಹೆಸರಿನ ವಸ್ತುಗಳನ್ನಷ್ಟೇ ಮುಟ್ಟಿ.

ಸಾಧ್ಯವಿದ್ದರೆ ಒಂದು ಕೋಣೆಗೆ ಬೀಗ ಹಾಕಿ, ಉಳಿದ ಮನೆಯನ್ನು ಮಾತ್ರ ಬಾಡಿಗೆಗೆ ಕೊಡಿ. ಬಾಡಿಗೆ ತುಸು ಕಡಿಮೆಯಾದರೂ ಚಿಂತೆಯಿಲ್ಲ. ನಾವೂ ಚಿಕ್ಕ ಮನೆಗೆ ಬಂದಾಗ ಹಾಗೆಯೇ ಮಾಡಿದೆವು. ಬಿಟ್ಟಿರಲಾರೆವೆಂದು ಜೋಪಾನವಾಗಿರಿಸಿದ್ದ ಆ ಕೋಣೆಯಿಂದ ಒಂದಿಡೀ ವರ್ಷದಲ್ಲಿ ನಾವು ತರಿಸಿಕೊಂಡದ್ದು ದೊಡ್ಡ ಇಡ್ಲಿ ಪಾತ್ರೆ ಮತ್ತು ಒಂದು ಕಂಬಳಿ ಮಾತ್ರ. ಅಷ್ಟು ತಿಳಿದ ಮೇಲೆ ಉಳಿದದ್ದನ್ನು ಕೊಡುವಾಗ ಇಬ್ಬರಿಗೂ ಜಗಳವಾಡಲು ಕಾರಣ ಸಿಗಲಿಲ್ಲ.

ಕಾಗದಪತ್ರಗಳ ವಿಷಯ ಬೇರೆ. ಅವುಗಳನ್ನು ಕಟ್ಟುಕಟ್ಟಾಗಿ ಗುಜರಿಗೆ ಹಾಕದೆ ಒಂದೊಂದೇ ಹಾಳೆ ತಿರುವಿ ನೋಡಿ. ನಮ್ಮ ತಂದೆಯವರ ಹಳೆಯ ವಿದ್ಯುತ್ ಬಿಲ್ಲುಗಳ ನಡುವೆ ಕಂದುಬಣ್ಣಕ್ಕೆ ತಿರುಗಿದ, ಮಡಿಕೆಯಲ್ಲಿ ಹರಿದಿದ್ದ ಷೇರು ಪತ್ರವೊಂದು ಸಿಕ್ಕಿತು. 2019ರ ಏಪ್ರಿಲ್ 1ರಿಂದ ಕಾಗದ ರೂಪದ ಷೇರುಗಳನ್ನು ಮಾರಿ ವರ್ಗಾಯಿಸಲು ಅವಕಾಶವಿಲ್ಲದಿದ್ದರೂ, ಮೃತರ ಷೇರುಗಳನ್ನು ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಏಳು ವರ್ಷ ಸತತವಾಗಿ ಲಾಭಾಂಶವನ್ನು ಯಾರೂ ಪಡೆಯದಿದ್ದರೆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತವೆ. ಅಲ್ಲಿಂದಲೂ ಅರ್ಜಿ ಹಾಕಿ ಮರಳಿ ಪಡೆಯಲು ಸಾಧ್ಯ. ಹತ್ತು ವರ್ಷ ಮುಟ್ಟದ ಬ್ಯಾಂಕ್ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣ 2023ರಿಂದ ಇದೆ. ಪಿಂಚಣಿ ಆದೇಶದಲ್ಲಿಯೂ ಆಧಾರ್‌ನಲ್ಲಿಯೂ ನಿಮ್ಮ ಪತ್ನಿಯ ಹೆಸರಿನ ಕಾಗುಣಿತ ಒಂದೇ ಆಗಿದೆಯೇ ಎಂಬುದನ್ನು ಈಗಲೇ ನೋಡಿಕೊಳ್ಳಿ; ಮುಂದೆ ಕುಟುಂಬ ಪಿಂಚಣಿಯ ಹೊತ್ತಿಗೆ ಓಡಾಡುವವರು ಅವರೇ. ನವೆಂಬರಿನ ಜೀವನ ಪ್ರಮಾಣ ಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದು, ಮಗಳಿಂದ ಒಮ್ಮೆ ಕಲಿತರೆ ಸಾಕು.

ದಿನ ಕಳೆಯುವ ಬಗ್ಗೆ ಹೆಚ್ಚು ಹೇಳಲಾರೆ. ಮೊದಲ ಮೂರು ತಿಂಗಳು ನಾನು ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ ವರಾಂಡದಲ್ಲಿ ಕೂರುತ್ತಿದ್ದೆ. ಈ ಕಾಗದಗಳ ಕೆಲಸವನ್ನು ದಿನಕ್ಕೆ ಒಂದೇ ಗಂಟೆಯೆಂದು ಆ ಹೊತ್ತಿಗೇ ಇಟ್ಟುಕೊಂಡ ಮೇಲೆ ಪೆನ್ನಿಗೂ ಕೆಲಸ ಸಿಕ್ಕಿತು.

ಧಾರವಾಡದಿಂದ, ನಿವೃತ್ತ ಗ್ರಂಥಪಾಲಕಿ: ಶಿಕ್ಷಕರೆಂದ ಮೇಲೆ ಪುಸ್ತಕಗಳಿರಲೇಬೇಕು. ದಯವಿಟ್ಟು ಮೂಟೆ ಕಟ್ಟಿ ಗ್ರಂಥಾಲಯದ ಬಾಗಿಲಿಗೆ ತಂದಿಳಿಸಬೇಡಿ. ದಾನವೆಂದು ಬಂದ ಗೆದ್ದಲು ಹಿಡಿದ ಗೈಡುಗಳನ್ನು ನಾನು ವರ್ಷಗಟ್ಟಲೆ ವಿಲೇವಾರಿ ಮಾಡಿದ್ದೇನೆ. ಮೊದಲು ಪಟ್ಟಿ ಮಾಡಿ ಕಳುಹಿಸಿ, ಅವರು ಕೇಳಿದ್ದನ್ನು ಮಾತ್ರ ಕೊಡಿ. ಬದಲಾದ ಪಠ್ಯಕ್ರಮದ ಪುಸ್ತಕಗಳು ಗುಜರಿಗೇ ಸರಿ. ‘ಕಸ್ತೂರಿ’, ‘ಮಯೂರ’ದ ಹಳೆಯ ಸಂಚಿಕೆಗಳನ್ನು ವರ್ಷವಾರು ಬೈಂಡ್ ಮಾಡಿಸಿಟ್ಟಿದ್ದರೆ ಮಾತ್ರ ತೂಕಕ್ಕೆ ಹಾಕಬೇಡಿ, ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಅವನ್ನು ಹುಡುಕಿಕೊಂಡು ಬರುತ್ತಾರೆ.

ಶಿವಮೊಗ್ಗದಿಂದ, ಗೃಹಿಣಿ: ಮೇಲೆ ಬರೆದ ಮೈಸೂರಿನವರ ಶ್ರೀಮತಿಯವರ ಪರವಾಗಿ ನನ್ನದೂ ಒಂದು ಮಾತು. ಪಾತ್ರೆಗಳ ತೀರ್ಮಾನವನ್ನು ನಿಮ್ಮ ಮನೆಯವರಿಗೇ ಬಿಡಿ. ನಮ್ಮ ಅಟ್ಟದಲ್ಲಿ ಮದುವೆ, ಗೃಹಪ್ರವೇಶಗಳಿಗೆ ಬಂದ ಸ್ಟೀಲ್ ಪಾತ್ರೆಗಳೇ ಎರಡು ಗೋಣಿಚೀಲ ತುಂಬುವಷ್ಟಿದ್ದವು. ಪ್ರತಿಯೊಂದರ ಅಂಚಿನಲ್ಲೂ ಕೊಟ್ಟವರ ಹೆಸರು, ತಾರೀಖನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಲಾಗಿತ್ತು. ನನ್ನ ಪತಿ ನನ್ನನ್ನು ಕೇಳದೆ ಒಂದು ಚೀಲವನ್ನು ಪಾತ್ರೆ ಅಂಗಡಿಗೆ ಹಾಕಿ, ಬದಲಿಗೆ ಒಂದು ಕುಕ್ಕರ್ ತಂದರು. ಅದರಲ್ಲಿ ನನ್ನ ಸೋದರಮಾವ 1984ರಲ್ಲಿ ಕೊಟ್ಟ ಚೊಂಬೂ ಇತ್ತು. ಸಂಜೆಯೇ ಅಂಗಡಿಗೆ ಹೋಗಿ, ರಾಶಿಯಲ್ಲಿ ಹುಡುಕಿ, ತೂಕದ ಲೆಕ್ಕದಲ್ಲಿ ನಮ್ಮದೇ ಚೊಂಬನ್ನು ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದೆ. ಎರಡನೆಯ ಚೀಲವನ್ನು ನಾನೇ ಬಿಚ್ಚಿ, ಹೆಸರುಗಳನ್ನೆಲ್ಲ ಓದಿ, ಐದು ಪಾತ್ರೆಗಳನ್ನು ಉಳಿಸಿಕೊಂಡು ಉಳಿದವನ್ನು ಮನೆಗೆಲಸಕ್ಕೆ ಬರುವವರ ಮಗಳ ಮದುವೆಗೆ ಕೊಟ್ಟೆ. ಆ ಕುಕ್ಕರ್ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಬೇಕಾದವರಿದ್ದರೆ ತಿಳಿಸಿ.