ಎಡಿಸಿ ಇಲ್ಲದ ಚಿಪ್‌ನಲ್ಲಿ ಸಿಗ್ಮಾ-ಡೆಲ್ಟಾ: ರೀಡಿಂಗ್ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ

ಎಟಿಟೈನಿ2313 ಮೈಕ್ರೋಕಂಟ್ರೋಲರ್‌ನಲ್ಲಿ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ಇಲ್ಲ, ಅನಲಾಗ್ ಕಂಪ್ಯಾರೇಟರ್ (ಎರಡು ವೋಲ್ಟೇಜ್‌ಗಳಲ್ಲಿ ಯಾವುದು ಹೆಚ್ಚು ಎಂದಷ್ಟೇ ಹೇಳುವ ಭಾಗ) ಮಾತ್ರ ಇದೆ. ಅದರಿಂದಲೇ 10ಕೆ ಪಾಟ್‌ನ (ತಿರುಗಿಸುವ ರೆಸಿಸ್ಟರ್) ವೋಲ್ಟೇಜ್ ಓದಬೇಕು. ಸಿಗ್ಮಾ-ಡೆಲ್ಟಾ ವಿಧಾನ ಹಿಡಿದಿದ್ದೇನೆ: ಒಂದು ಪಿನ್ ಹೈ-ಲೋ ಮಾಡುತ್ತಾ ಕೆಪಾಸಿಟರನ್ನು ಒಂದೇ ಮಟ್ಟದಲ್ಲಿ ಹಿಡಿದು, ಎಷ್ಟು ಸಲ ಲೋ ಬೇಕಾಯಿತೆಂದು ಎಣಿಸುವುದು. ಸಪ್ಲೈ 5 ವೋಲ್ಟ್, ಕ್ಲಾಕ್ ಒಳಗಿನದೇ, 8 ಮೆಗಾಹರ್ಟ್ಸ್.

ಪಾಟ್‌ನ ನಡುಕಾಲಿನಿಂದ 100ಕೆ (ಆರ್1), ಒಂದು ಔಟ್‌ಪುಟ್ ಪಿನ್‌ನಿಂದ ಇನ್ನೊಂದು 100ಕೆ (ಆರ್2). ಎರಡೂ 1 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ ಸೇರಿ ಕಂಪ್ಯಾರೇಟರ್‌ನ ಒಂದು ಇನ್‌ಪುಟ್ ಎಐಎನ್1ಕ್ಕೆ ಹೋಗುತ್ತವೆ. ಇನ್ನೊಂದು ಇನ್‌ಪುಟ್ ಎಐಎನ್0ಕ್ಕೆ 10ಕೆ-10ಕೆ ಡಿವೈಡರ್‌ನಿಂದ 2.5 ವೋಲ್ಟ್. 10 ಮೈಕ್ರೋಸೆಕೆಂಡಿಗೊಮ್ಮೆ (ಇದೇ ಒಂದು ಟಿಕ್) ಕಂಪ್ಯಾರೇಟರ್‌ನ ಫಲಿತಾಂಶವಾದ ಎಸಿಒ ಬಿಟ್ ನೋಡುತ್ತೇನೆ: 1 ಇದ್ದರೆ ಪಿನ್ ಹೈ ಮಾಡುತ್ತೇನೆ ಅಷ್ಟೆ; 0 ಇದ್ದರೆ ಪಿನ್ ಲೋ ಮಾಡಿ ಕೌಂಟ್‌ಗೆ ಒಂದು ಸೇರಿಸುತ್ತೇನೆ. 1024 ಟಿಕ್ ಮುಗಿದಾಗ ಬಂದ ಕೌಂಟೇ ಉತ್ತರ.

ಮೂರು ಅಂಕಿಯ ಸೆವೆನ್-ಸೆಗ್ಮೆಂಟ್ ಡಿಸ್‌ಪ್ಲೇಯನ್ನು ಟೈಮರ್ ಇಂಟರಪ್ಟ್‌ನಲ್ಲಿ (ಮುಖ್ಯ ಲೂಪನ್ನು ನಡುವೆ ತಡೆದು ಓಡುವ ಕೋಡ್) ಓಡಿಸಿದ ತಕ್ಷಣ ಕೌಂಟ್ ಏಳೆಂಟು ಅಂಕ ಮೇಲೆ-ಕೆಳಗೆ ಹಾರುತ್ತದೆ. ಪಾಟ್ ಪೂರ್ತಿ ತಿರುಗುವ ಮೊದಲೇ ಕೌಂಟ್ ತುದಿ ಮುಟ್ಟಿ ನಿಂತುಬಿಡುತ್ತದೆ. ಇದನ್ನೆಲ್ಲ ಬಿಟ್ಟು ಆರ್-2ಆರ್ ಏಣಿ (ಪಿನ್‌ಗಳ ಬಿಟ್‌ಗಳನ್ನು ವೋಲ್ಟೇಜ್ ಆಗಿಸುವ ರೆಸಿಸ್ಟರ್ ಜಾಲ) ಕಟ್ಟುವುದು ಮೇಲೇ?

ಉತ್ತರ 1

ಸರ್ಕ್ಯೂಟ್ ಸರಿಯಾಗಿದೆ, ಬಿಡಬೇಡಿ. ಮೊದಲು ಆ ಕೆಪಾಸಿಟರ್ ಬದಲಿಸಿ.

ಕೆಪಾಸಿಟರ್ ದೊಡ್ಡದಾದಷ್ಟೂ ರೀಡಿಂಗ್ ನಯವಾಗುತ್ತದೆ ಎಂದು ಅನ್ನಿಸುವುದು ಸಹಜ. ಇಲ್ಲಿ ನಡೆಯುವುದು ತಿರುಗುಮುರುಗು. ಪಿನ್ ಹೈ ಇದ್ದ ಟಿಕ್‌ಗೂ ಲೋ ಇದ್ದ ಟಿಕ್‌ಗೂ ನಡುವಿನ ಚಾರ್ಜ್ ವ್ಯತ್ಯಾಸವೇ ನಿಮ್ಮ ಒಂದು ಕೌಂಟ್: 5 ವೋಲ್ಟ್ ಭಾಗಿಸು 100ಕೆ, ಅಂದರೆ 50 ಮೈಕ್ರೋಆಂಪ್, 10 ಮೈಕ್ರೋಸೆಕೆಂಡಿಗೆ 0.5 ನ್ಯಾನೋಕೂಲಂ. 1 ಮೈಕ್ರೋಫ್ಯಾರಡ್ ಮೇಲೆ ಅದು ಬರೀ 0.5 ಮಿಲಿವೋಲ್ಟ್. ಡಿಸ್‌ಪ್ಲೇ ಕರೆಂಟ್‌ನಿಂದ ಕಂಪ್ಯಾರೇಟರ್ ಇನ್‌ಪುಟ್ 4 ಮಿಲಿವೋಲ್ಟ್ ಅಲುಗಿದರೂ ಎಂಟು ಕೌಂಟ್ ಹೋಯಿತು.

100 ನ್ಯಾನೋಫ್ಯಾರಡ್ ಹಾಕಿದರೆ ಒಂದು ಕೌಂಟ್ 5 ಮಿಲಿವೋಲ್ಟ್ ಆಗುತ್ತದೆ, ಅದೇ ಗಲಾಟೆ ಒಂದು ಕೌಂಟ್‌ನೊಳಗೆ ಮುಗಿಯುತ್ತದೆ. ಹಾಗೆಂದು 10 ನ್ಯಾನೋಗೆ ಇಳಿಯಬೇಡಿ. ಆಗ ಪ್ರತಿ ಟಿಕ್‌ಗೂ ಕೆಪಾಸಿಟರ್ 50 ಮಿಲಿವೋಲ್ಟ್ ಜಿಗಿಯುತ್ತದೆ. ಅದರ ಸರಾಸರಿ 2.5ರಲ್ಲಿ ನಿಲ್ಲದೆ ಇನ್‌ಪುಟ್ ಜೊತೆ ಸರಿದು ಗ್ರಾಫ್ ಬಾಗುತ್ತದೆ. ಕೆಪಾಸಿಟರ್‌ನ ಬೆಲೆ ಶೇ. 20 ಆಚೀಚೆ ಇದ್ದರೂ ಉತ್ತರ ಬದಲಾಗುವುದಿಲ್ಲ. ಈ ವಿಧಾನದ ದೊಡ್ಡ ಅನುಕೂಲವೇ ಅದು.

ಉತ್ತರ 2

ಮೇಲಿನದು ನಿಜ, ಆದರೆ ಅಷ್ಟಕ್ಕೇ ಪೂರ್ತಿ ನಿಲ್ಲುವುದಿಲ್ಲ. ಇಂಟರಪ್ಟ್ ಇಲ್ಲಿನ ದೊಡ್ಡ ಅಪರಾಧಿ. ಡಿಸ್‌ಪ್ಲೇ ಇಂಟರಪ್ಟ್‌ಗೆ 60 ಮೈಕ್ರೋಸೆಕೆಂಡ್ ಹಿಡಿದರೆ ಆ ಟಿಕ್ 10ರ ಬದಲು 70 ಮೈಕ್ರೋಸೆಕೆಂಡ್ ಆಗುತ್ತದೆ. ಕೆಪಾಸಿಟರ್‌ಗೆ ಏಳು ಟಿಕ್‌ನ ಚಾರ್ಜ್ ಹೋಗಿರುತ್ತದೆ, ನೀವು ಎಣಿಸಿದ್ದು ಒಂದೇ.

ಇಂಟರಪ್ಟ್ ಆಫ್ ಮಾಡಿ, ಡಿಸ್‌ಪ್ಲೇ ಕೆಲಸವನ್ನು ಇದೇ ಲೂಪ್‌ಗೆ ತನ್ನಿ. ಒಂದು ಟಿಕ್‌ಗೆ 80 ಕ್ಲಾಕ್ ಸೈಕಲ್ ಇದೆ, ಕಂಪ್ಯಾರೇಟರ್ ಕೆಲಸಕ್ಕೆ 20 ಸಾಕು. 200 ಟಿಕ್‌ಗೊಮ್ಮೆ, ಅಂದರೆ 2 ಮಿಲಿಸೆಕೆಂಡಿಗೊಮ್ಮೆ, ಒಂದು ಅಂಕಿ ಬದಲಿಸಿ. ಯಾವ ಅಂಕಿಗೆ ಯಾವ ಸೆಗ್ಮೆಂಟ್ ಎಂಬುದನ್ನು ಮೊದಲೇ ರ್‍ಯಾಮ್‌ನಲ್ಲಿ ಇಟ್ಟಿರಿ.

ಹೈ ದಾರಿ, ಲೋ ದಾರಿ ಎರಡಕ್ಕೂ ಸರಿಸಮ ಸೈಕಲ್ ಬೇಕು. ಒಂದು ದಾರಿ 82, ಇನ್ನೊಂದು 80 ಆದರೆ ತುದಿಗಳಲ್ಲಿ ತಪ್ಪು ಕಾಣುವುದಿಲ್ಲ, ನಡುವೆ ಮಾತ್ರ 1024ಕ್ಕೆ 6 ಕೌಂಟ್ ತಪ್ಪುತ್ತದೆ. ಸಿ ಕಂಪೈಲರ್ ಇಫ್-ಎಲ್ಸ್ ಅನ್ನು ಹೇಗೆ ಬಿಡಿಸುತ್ತದೋ ಹೇಳಲಾಗದು. ಅಸೆಂಬ್ಲಿ ಲಿಸ್ಟಿಂಗ್ ತೆಗೆದು ಸೈಕಲ್ ಎಣಿಸಿ, ಕಡಿಮೆ ಇರುವ ಕಡೆ ನಾಪ್ (ಏನೂ ಮಾಡದೆ ಸಮಯ ಕಳೆಯುವ ಸೂಚನೆ) ತುಂಬಿ.

ತುದಿಯಲ್ಲಿ ಕೌಂಟ್ ನಿಲ್ಲುವುದಕ್ಕೆ ಕಾರಣ ರೆಸಿಸ್ಟರ್ ಟಾಲರೆನ್ಸ್. ಆರ್2 ಸ್ವಲ್ಪ ಹೆಚ್ಚಾದರೂ ಪಿನ್‌ನ ಕರೆಂಟ್ ಇನ್‌ಪುಟ್ ಕರೆಂಟನ್ನು ಸರಿದೂಗಿಸಲಾರದು. ಶೇ. 1ರ ರೆಸಿಸ್ಟರ್ ತೆಗೆದುಕೊಂಡು ಆರ್1 100ಕೆ, ಆರ್2 91ಕೆ ಹಾಕಿ. ಟಿಕ್ 2000 ಮಾಡಿ: 0 ವೋಲ್ಟ್‌ಗೆ ಸುಮಾರು 90, 5 ವೋಲ್ಟ್‌ಗೆ ಸುಮಾರು 1910 ಬರುತ್ತದೆ. ಆ ಎರಡು ತುದಿ ಓದಿ ಕ್ಯಾಲಿಬ್ರೇಟ್ ಮಾಡಿ. 2000 ಟಿಕ್ ಅಂದರೆ 20 ಮಿಲಿಸೆಕೆಂಡ್, ಮೇನ್ಸ್ ಲೈನಿನಿಂದ ಬರುವ 50 ಹರ್ಟ್ಸ್ ಹಮ್ ಕೂಡ ಬಹುಪಾಲು ಹೋಗುತ್ತದೆ. 60 ಹರ್ಟ್ಸ್ ಇರುವ ಕಡೆ 10000 ಟಿಕ್, ಅಂದರೆ 100 ಮಿಲಿಸೆಕೆಂಡ್. ಅದು ಎರಡಕ್ಕೂ ಹೊಂದುತ್ತದೆ.

ಇನ್ನೊಂದು: ಲೆಕ್ಕ ಮಾಡಲು ಲೂಪ್ ನಿಲ್ಲಿಸಿದರೆ ಪಿನ್ ಒಂದೇ ಸ್ಥಿತಿಯಲ್ಲಿ ಉಳಿದು ಕೆಪಾಸಿಟರ್ ಎಲ್ಲೋ ಹೋಗಿರುತ್ತದೆ. ನಿಲ್ಲಿಸಲೇಬೇಕಾದರೆ ಮುಂದಿನ ಒಂದು ಪೂರ್ತಿ ಸುತ್ತನ್ನು ಬಿಸಾಡಿ.

ಪ್ರಶ್ನೆ ಕೇಳಿದವರು

100 ನ್ಯಾನೋ ಹಾಕಿ, ಡಿಸ್‌ಪ್ಲೇಯನ್ನು ಲೂಪ್‌ಗೆ ತಂದೆ. ಈಗ ಒಂದೇ ಕೌಂಟ್ ಆಚೀಚೆ. ಆದರೆ ಪಾಟ್‌ನ ಕಾಲು ಭಾಗದಲ್ಲಿ ಮೀಟರ್‌ಗೂ ಇದಕ್ಕೂ ಸುಮಾರು 20 ಮಿಲಿವೋಲ್ಟ್ ವ್ಯತ್ಯಾಸ, ನಡುವೆ ಸರಿಯಿದೆ. ಮುಂದೆ ಎಲ್‌ಎಂ35 ತಾಪಮಾನ ಸೆನ್ಸರ್ ಹಾಕಬೇಕೆಂದಿದೆ.

ಉತ್ತರ 3

ಆ 20 ಮಿಲಿವೋಲ್ಟ್ ಪಾಟ್‌ನದೇ. ಕಾಲು ಭಾಗದಲ್ಲಿ 10ಕೆ ಪಾಟ್‌ನ ಔಟ್‌ಪುಟ್ ರೆಸಿಸ್ಟೆನ್ಸ್ 1.875ಕೆ, ಅದು ಆರ್1ಕ್ಕೆ ಸೇರಿಕೊಳ್ಳುತ್ತದೆ. ಪಾಟ್ ನಡುವಿದ್ದಾಗ ಆರ್1ರ ಎರಡೂ ಕಡೆ 2.5 ವೋಲ್ಟ್ ಆದ್ದರಿಂದ ಕರೆಂಟೇ ಇಲ್ಲ, ತಪ್ಪೂ ಇಲ್ಲ. 1ಕೆ ಪಾಟ್ ಹಾಕಿದರೆ ತಪ್ಪು 2.3 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಇಲ್ಲವಾದರೆ ಪಾಟ್‌ಗೂ ಆರ್1ಕ್ಕೂ ನಡುವೆ ಎಂಸಿಪಿ6001 ಆಪ್-ಆ್ಯಂಪ್‌ನ ಬಫರ್ ಹಾಕಿ.

ಎಲ್‌ಎಂ35 ಕೊಡುವುದು ಡಿಗ್ರಿಗೆ 10 ಮಿಲಿವೋಲ್ಟ್, ಅಂದರೆ 100 ಡಿಗ್ರಿಗೆ 1 ವೋಲ್ಟ್. ಅದಕ್ಕೆ ಆರ್1 27ಕೆ, ಆರ್2 100ಕೆ, ಡಿವೈಡರ್ ಮೇಲೆ 39ಕೆ ಕೆಳಗೆ 10ಕೆ ಮಾಡಿ. ಆಗ ಅಳತೆ -0.05ರಿಂದ 1.3 ವೋಲ್ಟ್‌ವರೆಗೆ, 2000 ಟಿಕ್‌ಗೆ ಒಂದು ಕೌಂಟ್ 0.07 ಡಿಗ್ರಿ. 27ಕೆಯನ್ನು ಸೆನ್ಸರ್ ಕಾಲಿಗೇ ಹತ್ತಿರ ಬೆಸುಗೆ ಹಾಕಿ. ಉದ್ದ ಕೇಬಲ್‌ನ ಕೆಪಾಸಿಟೆನ್ಸ್ ನೇರ ಸಿಕ್ಕರೆ ಎಲ್‌ಎಂ35 ಆಸಿಲೇಟ್ ಆಗಬಹುದು.

ಪಾಟ್‌ಗೆ ಇಲ್ಲದ ಒಂದು ತೊಂದರೆ ಇದಕ್ಕಿದೆ. ಪಾಟ್ ಮತ್ತು ಪಿನ್ ಒಂದೇ 5 ವೋಲ್ಟ್‌ನಲ್ಲಿ ನಡೆಯುವುದರಿಂದ ಸಪ್ಲೈ ಏರಿಳಿದರೂ ಅನುಪಾತ ಹಾಗೇ ಇರುತ್ತದೆ. ಎಲ್‌ಎಂ35 ಹಾಗಲ್ಲ, ಸಪ್ಲೈ ಶೇ. 1 ಸರಿದರೆ ರೀಡಿಂಗೂ ಶೇ. 1 ತಪ್ಪುತ್ತದೆ. 7805 ರೆಗ್ಯುಲೇಟರ್ ಕೊಡುವುದು 4.8ರಿಂದ 5.2ರೊಳಗೆ ಎಷ್ಟಾದರೂ ಆಗಬಹುದು. ಚಿಪ್ ಕಾಲಿನ ಬಳಿಯೇ ವೋಲ್ಟೇಜ್ ಅಳೆದು ಕ್ಯಾಲಿಬ್ರೇಟ್ ಮಾಡಿ, ಡಿವೈಡರನ್ನೂ ಅಲ್ಲಿಂದಲೇ ಎಳೆಯಿರಿ. ಡಿಸ್‌ಪ್ಲೇ ಅಂಕಿಗಳನ್ನು ಟ್ರಾನ್ಸಿಸ್ಟರ್ ಮೂಲಕ ಓಡಿಸಿ, ಫೀಡ್‌ಬ್ಯಾಕ್ ಪಿನ್‌ನ ಹೈ ಮಟ್ಟ ಕುಗ್ಗದಿರಲಿ.

ಆರ್-2ಆರ್ ವಿಷಯ: 8 ಬಿಟ್‌ಗೆ 16 ರೆಸಿಸ್ಟರ್, 8 ಪಿನ್. ಅತಿ ದೊಡ್ಡ ಬಿಟ್‌ನ ರೆಸಿಸ್ಟರ್ ಶೇ. 1 ತಪ್ಪಿದರೆ 127ರಿಂದ 128ಕ್ಕೆ ಹೋಗುವಾಗಲೇ ಒಂದು ಕೌಂಟ್‌ಗೂ ಮಿಕ್ಕಿದ ತಪ್ಪು. ನಿಧಾನವಾಗಿ ಬದಲಾಗುವ ಸಿಗ್ನಲ್‌ಗೆ ಅದು ಬೇಡ.