ಚಿಕ್ಕಪ್ಪ, ಮನು ಈಗಲೇ ಕಾಲೇಜು ಬಿಡೋದು ಬೇಡ

ಚಿಕ್ಕಪ್ಪ, ನಿನ್ನೆ ರಾತ್ರಿ ನೀವು ಗ್ರೂಪ್‌ಗೆ ಹಾಕಿದ್ದನ್ನು ಈಗ ನೋಡಿದೆ. ತುಮಕೂರಿಂದ ರೈಲು ಹತ್ತಿದ್ದೇನೆ, ಗಲಾಟೆ ಜಾಸ್ತಿ, ವಾಯ್ಸ್ ಕಳಿಸಿದರೆ ಕೇಳಿಸಲ್ಲ. ಅದಕ್ಕೆ ಬರೆದೇ ಹಾಕುತ್ತಿದ್ದೇನೆ, ಮಾತಾಡಿದ ಹಾಗೆ ಓದಿಕೊಳ್ಳಿ.

ಮನುಗೆ ಬೆಂಗಳೂರಲ್ಲಿ 22 ಸಾವಿರದ ಕೆಲಸ ಸಿಕ್ಕಿದೆ, ಈಗ ದೊಡ್ಡ ಕಂಪನಿಗಳೇ ಡಿಗ್ರಿ ಕೇಳಲ್ಲವಂತೆ, ಐದನೇ ಸೆಮ್‌ಗೇ ಬಿಇ ಬಿಡಿಸಲಾ ಅಂತ ಕೇಳಿದ್ದೀರಿ. ಬೇಡ ಚಿಕ್ಕಪ್ಪ.

ನೀವು ಕೇಳಿದ ಮಾತು ಸುಳ್ಳಲ್ಲ. ಅಮೆರಿಕದಲ್ಲಿ ಐಬಿಎಂ ಅನ್ನುವ ದೊಡ್ಡ ಕಂಪ್ಯೂಟರ್ ಕಂಪನಿ 2016ರ ಸುಮಾರಿಗೇ ಕೆಲವು ಕೆಲಸಗಳಿಗೆ ಡಿಗ್ರಿ ಕಡ್ಡಾಯ ಅಲ್ಲ ಅಂದಿತು. ತಮಿಳುನಾಡಿನಲ್ಲಿ ಜೋಹೋ ಅನ್ನುವ ಸಾಫ್ಟ್‌ವೇರ್ ಕಂಪನಿಯವರು 2005ರಿಂದಲೂ ಪಿಯುಸಿ, ಡಿಪ್ಲೊಮಾ ಮುಗಿಸಿದ ಮಕ್ಕಳನ್ನು ತೆಗೆದುಕೊಂಡು, ಸ್ಟೈಪೆಂಡ್ ಕೊಟ್ಟು, ತಾವೇ ಕಲಿಸಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದಾರೆ. ಆದರೆ ಅವರು ಓದೇ ಬೇಡ ಅನ್ನುತ್ತಿಲ್ಲ, ಕಾಲೇಜು ಕಲಿಸಬೇಕಾದ್ದನ್ನು ತಾವು ಕಲಿಸುತ್ತಿದ್ದಾರೆ, ಅಷ್ಟೇ. ಮನು ಹೋಗಬೇಕು ಅಂತಿರುವುದು ಹತ್ತು ಜನ ಇರುವ ಆಫೀಸಿಗೆ. ಅಲ್ಲಿ ಅವನನ್ನು ಕೂರಿಸಿಕೊಂಡು ಕಲಿಸಲು ಯಾರಿಗೆ ಪುರುಸೊತ್ತಿರುತ್ತದೆ ಹೇಳಿ?

ನನ್ನದೇ ಕಥೆ ಹೇಳುತ್ತೇನೆ. ಅಪ್ಪನಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಪೂರ್ತಿ ಗೊತ್ತಿಲ್ಲ. 2008ರಲ್ಲಿ ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ 6,500ಕ್ಕೆ ಸೇರಿದೆ, ನೆನಪಿದೆ ಅಲ್ವಾ? ಏಳು ವರ್ಷ ಸರ್ವರ್ ಕೆಲಸ ಕಲಿತೆ, ಅಂದರೆ ಕಂಪನಿಯ ಕೆಲಸವೆಲ್ಲ ಓಡುವ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳೋದು. ನಡುರಾತ್ರಿ ಫೋನ್ ಬಂದರೂ ಎದ್ದು ಸರಿ ಮಾಡುತ್ತಿದ್ದೆ. 2015ರಲ್ಲಿ ಒಂದು ದೊಡ್ಡ ಕಂಪನಿಯಲ್ಲಿ ಮೂರು ರೌಂಡ್ ಇಂಟರ್‌ವ್ಯೂ ಪಾಸಾದೆ. ಸಂಬಳದ ಮಾತೂ ಮುಗಿದಿತ್ತು. ಕೊನೆಗೆ ಎಚ್‌ಆರ್ ಹುಡುಗಿ ಫಾರಂ ತುಂಬುತ್ತಾ ನಿಂತಳು. ಓದಿನ ಕಾಲಂನಲ್ಲಿ ಡಿಗ್ರಿ ಇತ್ತು, ಪೋಸ್ಟ್ ಗ್ರಾಜುಯೇಟ್ ಇತ್ತು, ಡಿಪ್ಲೊಮಾ ಅನ್ನುವುದೇ ಇರಲಿಲ್ಲ. ಸ್ಕ್ರೀನ್ ನನ್ನ ಕಡೆ ತಿರುಗಿಸಿ, "ನೋಡಿ ಮೇಡಂ, ಇಲ್ಲಿ ಏನಾದರೂ ಆರಿಸದೆ ಮುಂದಕ್ಕೆ ಹೋಗಲ್ಲ" ಅಂದಳು. ಪಾಪ, ಅವಳದೇನೂ ತಪ್ಪಿಲ್ಲ. ಆಫರ್ ಅಲ್ಲಿಗೇ ನಿಂತಿತು. ಅವತ್ತು ಯಶವಂತಪುರದಿಂದ ತುಮಕೂರಿನವರೆಗೂ ನಾನು ಒಂದು ಮಾತೂ ಆಡಲಿಲ್ಲ.

ಮಾರನೇ ವರ್ಷ ಇಗ್ನೋದಲ್ಲಿ, ಅಂದರೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ದೂರಶಿಕ್ಷಣದ ಯೂನಿವರ್ಸಿಟಿಯಲ್ಲಿ, ಬಿಸಿಎ ಡಿಗ್ರಿಗೆ ಸೇರಿದೆ. ಪರೀಕ್ಷೆ ಜೂನ್‌ನಲ್ಲಿ ಒಂದು ಸಲ, ಡಿಸೆಂಬರ್‌ನಲ್ಲಿ ಒಂದು ಸಲ. ಓದಿದ್ದೆಲ್ಲ ಇದೇ ರೈಲಿನಲ್ಲಿ, ಲೇಡೀಸ್ ಬೋಗಿಯಲ್ಲಿ, ಟಿಫನ್ ಬ್ಯಾಗ್ ಮೇಲೆ ಪುಸ್ತಕ ಇಟ್ಟುಕೊಂಡು. ಕ್ಯಾತ್ಸಂದ್ರ ದಾಟಿದ ಮೇಲೆ ತೆಗೆದರೆ ಚಿಕ್ಕಬಾಣಾವರ ಬರುವವರೆಗೂ ಎರಡು ಲೆಕ್ಕ ಆಗುತ್ತಿತ್ತು, ಸೀಟು ಸಿಕ್ಕಿದರೆ. ಪಾಪು ಆಗ ಎರಡು ವರ್ಷದವಳು, ಮನೆಯಲ್ಲಿ ಪುಸ್ತಕ ತೆರೆದರೆ ಹರಿಯುತ್ತಿದ್ದಳು. ಮೂರು ವರ್ಷದ ಕೋರ್ಸ್ ಮುಗಿಯಲು ಮೂರೂವರೆ ವರ್ಷ ಹಿಡಿಯಿತು. ಇಪ್ಪತ್ತು ವಯಸ್ಸಿನಲ್ಲಿ ಅಮ್ಮ ಮಾಡಿದ ಅನ್ನ ತಿಂದುಕೊಂಡು ಓದಬಹುದಾಗಿದ್ದನ್ನು ಮೂವತ್ತರ ಹತ್ತಿರ ಅಷ್ಟು ಕಷ್ಟಪಟ್ಟು ಓದಿದೆ. ಮನುಗೆ ಅದು ಬೇಡ.

ಡಿಗ್ರಿ ಬಂದ ಮೇಲೆ ಏನಾಯಿತು ಗೊತ್ತಾ? ಇಂಟರ್‌ವ್ಯೂನಲ್ಲಿ ಇಲ್ಲಿಯವರೆಗೂ ಒಬ್ಬರೂ ಅದರ ಬಗ್ಗೆ ಒಂದು ಪ್ರಶ್ನೆ ಕೇಳಿಲ್ಲ. ಎಷ್ಟು ಮಾರ್ಕ್ಸ್ ಅಂತಲೂ ಇಲ್ಲ. ಕೇಳುವುದೆಲ್ಲ ಕೆಲಸದ್ದೇ. ಇರುವವರಿಗೆ ನಾಲ್ಕೈದು ವರ್ಷ ಆದ ಮೇಲೆ ಅದು ಬೀರುವಿನಲ್ಲಿರುವ ಕಾಗದ. ಇಲ್ಲದವರಿಗೆ ಮಾತ್ರ ಕಂಪನಿ ಬದಲಿಸಿದಾಗಲೆಲ್ಲ ಅಡ್ಡ ಬರುತ್ತದೆ. ವಿದೇಶಕ್ಕೆ ಹೋಗಬೇಕು ಅಂದರೂ ಅಷ್ಟೇ. ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾಗೆ ಡಿಗ್ರಿ ಬೇಕು, ಇಲ್ಲದಿದ್ದರೆ ಕಾಲೇಜಿನ ಒಂದು ವರ್ಷಕ್ಕೆ ಮೂರು ವರ್ಷದ ಅನುಭವ ಅಂತ ಲೆಕ್ಕ ಹಾಕುತ್ತಾರೆ. ನಾಲ್ಕು ವರ್ಷದ ಓದಿಗೆ ಹನ್ನೆರಡು ವರ್ಷ! ಜರ್ಮನಿಯವರು 2023ರ ನವೆಂಬರ್‌ನಿಂದ ಐಟಿಯವರಿಗೆ ಡಿಗ್ರಿ ಇಲ್ಲದಿದ್ದರೂ ಮೂರು ವರ್ಷದ ಅನುಭವದ ಮೇಲೆ ಬ್ಲೂ ಕಾರ್ಡ್, ಅಂದರೆ ಅಲ್ಲಿದ್ದು ಕೆಲಸ ಮಾಡುವ ಪರವಾನಗಿ, ಕೊಡುತ್ತಿದ್ದಾರೆ, ಅದು ನಿಜ. ಆದರೆ ಅದೊಂದನ್ನೇ ನಂಬಿಕೊಂಡು ಹುಡುಗನನ್ನು ಕಾಲೇಜು ಬಿಡಿಸೋಕಾಗುತ್ತಾ?

ಶೋಭತ್ತೆ, ನೀವು ಹಾಕಿದ್ದನ್ನು ಓದಿ ನನಗೆ ನಿಜವಾಗಲೂ ಭಯ ಆಯಿತು. ಒಂದೂವರೆ ಲಕ್ಷ ಕೊಟ್ಟರೆ ಮೂರು ವರ್ಷ ಕೆಲಸ ಮಾಡಿದ ಹಾಗೆ ಸುಳ್ಳು ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡುತ್ತಾರೆ ಅಂದಿರಲ್ಲ, ದಯವಿಟ್ಟು ಅಂಥ ಕಡೆ ಕಾಲಿಡಬೇಡಿ. 2014ರಿಂದ ಪಿಎಫ್‌ಗೆ ಯುಎಎನ್ ನಂಬರ್ ಬಂದಿದೆ, ಕಂಪನಿ ಬದಲಿಸಿದರೂ ಒಬ್ಬರಿಗೆ ಅದೇ ನಂಬರ್. ಯಾವ ಕಂಪನಿಯಲ್ಲಿ ಯಾವ ತಿಂಗಳು ಪಿಎಫ್ ಕಟ್ಟಿದ್ದಾರೆ ಅನ್ನೋದು ಅದರಲ್ಲೇ ಸಿಗುತ್ತದೆ. ಸೇರಿದ ಆರು ತಿಂಗಳಿಗೆ ಸಿಕ್ಕಿಬಿದ್ದು ಮನೆಗೆ ಹೋದವರನ್ನು ನಾನೇ ನೋಡಿದ್ದೇನೆ.

ಕಾಗದ ನೋಡುವವರೆಗೂ ಕಾಯಬೇಕಾಗಿಯೂ ಇಲ್ಲ, ಮಾತಲ್ಲೇ ಗೊತ್ತಾಗುತ್ತದೆ. ಹೋದ ತಿಂಗಳು ನಾನು ಇಬ್ಬರ ಇಂಟರ್‌ವ್ಯೂ ಮಾಡಿದೆ. ಸರ್ವರ್ ನಿಂತರೆ ಮೊದಲು ಏನು ನೋಡುತ್ತೀರಿ ಅಂತ ಇಬ್ಬರಿಗೂ ಕೇಳಿದೆ. ಮೂರು ವರ್ಷ ಅನುಭವ ಅಂತ ಬರೆದುಕೊಂಡಿದ್ದವನು ಸರ್ವರ್ ಅಂದರೇನು ಅಂತ ಹೇಳಲು ಶುರು ಮಾಡಿದ. ತಾಲ್ಲೂಕು ಕಾಲೇಜಲ್ಲಿ ಬಿಎಸ್‌ಸಿ ಮಾಡಿ ಒಂದೇ ವರ್ಷ ದುಡಿದಿದ್ದ ಹುಡುಗಿ, "ಮೊದಲು ಡಿಸ್ಕ್ ತುಂಬಿದೆಯಾ ನೋಡುತ್ತೇನೆ ಮೇಡಂ, ಒಂದು ಸಲ ಲಾಗ್ ಫೈಲ್ ಬೆಳೆದು ಬೆಳೆದು ಡಿಸ್ಕ್ ತುಂಬಿಹೋಗಿತ್ತು, ನಾವು ಮೂರು ಗಂಟೆ ಬೇರೆ ಎಲ್ಲೆಲ್ಲೋ ಹುಡುಕಿದ್ದೆವು" ಅಂದಳು. (ಲಾಗ್ ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ಫೈಲ್.) ಇದೇ ಚಿಕ್ಕಪ್ಪ, ಅನುಭವ ಅಂದರೆ. ಅವಳನ್ನೇ ತೆಗೆದುಕೊಂಡೆವು. ಆದರೆ ಆ ಬಿಎಸ್‌ಸಿ ಇಲ್ಲದಿದ್ದರೆ ಅವಳ ಬಯೋಡೇಟಾ ನನ್ನ ಟೇಬಲ್ಲಿಗೇ ಬರುತ್ತಿರಲಿಲ್ಲ.

ಅದಕ್ಕೆ ಮನು ಕೆಲಸ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಾಡಲಿ. ದಿನಾ ರಾತ್ರಿ ಎರಡು ಗಂಟೆ ಹೊತ್ತು, ಆಮೇಲೆ ಶನಿವಾರ, ಭಾನುವಾರ ಮನೆಯಿಂದಲೇ ಮಾಡುತ್ತೇನೆ, 8 ಸಾವಿರ ಕೊಟ್ಟರೂ ಸಾಕು ಅಂತ ಅವರನ್ನು ಕೇಳಲಿ. ಅವನ ಕೆಲಸ ನಿಜವಾಗಲೂ ಬೇಕಾಗಿದ್ದರೆ ಒಪ್ಪುತ್ತಾರೆ. ಪಾಸಾಗದೆ ಉಳಿದಿರುವ ಎರಡು ಸಬ್ಜೆಕ್ಟ್, ಅದೇ ಬ್ಯಾಕ್, ಮೊದಲು ಮುಗಿಸಬೇಕು, ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್ ಇದ್ದವರನ್ನು ಪರೀಕ್ಷೆಗೇ ಕೂರಿಸಲ್ಲ. ಕೊಬ್ಬರಿಗೆ ಅಂತ ಅಟ್ಟದ ಮೇಲೆ ಹಾಕಿದ ಕಾಯಿಯನ್ನು ಒಣಗಿ ಒಳಗೆ ಗಡಗಡ ಅನ್ನುವ ಮೊದಲೇ ನೀವು ಸುಲಿಯಲ್ಲ ಅಲ್ವಾ? ಇವನದೂ ಇನ್ನು ಒಂದೂವರೆ ವರ್ಷ.

ಈ ವರ್ಷದ ಫೀಸಿಗೆ ಕಷ್ಟ ಆಗಿ ಹೀಗೆ ಯೋಚನೆ ಮಾಡಿದ್ದರೆ ಅದನ್ನು ಗ್ರೂಪಲ್ಲಿ ಬರೆಯಬೇಡಿ, ಸಂಜೆ ನನಗೆ ಫೋನ್ ಮಾಡಿ. ಭಾನುವಾರ ಬೆಳಗ್ಗೆ ಗುಬ್ಬಿಗೆ ಬರುತ್ತೇನೆ. ಮನು, ನೀನೂ ಓದುತ್ತಿದ್ದೀಯ ಅಂತ ಗೊತ್ತು. ಆ ಕಂಪನಿಯವರು ಕೊಟ್ಟ ಲೆಟರ್, ಬ್ಯಾಕ್ ಉಳಿದಿರುವ ಎರಡು ಸಬ್ಜೆಕ್ಟಿನ ಪುಸ್ತಕ ತೆಗೆದಿಡು. ಮ್ಯಾಥ್ಸ್ ನಾನೇ ಕೂತು ಹೇಳಿಕೊಡುತ್ತೇನೆ. ಯಶವಂತಪುರ ಬಂತು, ಇಳಿಯುತ್ತೇನೆ.